ಭಕ್ತಪುರದ ಗುಡಿಯಲ್ಲಿ ಕಂಪನ ಅಳೆದ ಬಗೆ

ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8 ಪ್ರಮಾಣದ ಭೂಕಂಪವಾದಾಗ ಭಕ್ತಪುರದ ವತ್ಸಲಾ ದೇವಾಲಯ ಕುಸಿದುಬಿತ್ತು. ಅದೇ ಊರಿನ ಐದು ಅಂತಸ್ತಿನ ನ್ಯಾತಪೋಲ ದೇವಾಲಯ ಮೇಲಂತಸ್ತಿಗೆ ಪೆಟ್ಟಾದರೂ ನಿಂತಿತು. ಇಂಥ ಗುಡಿಗಳು ಮುಂದಿನ ಭೂಕಂಪದಲ್ಲಿ ಹೇಗೆ ವರ್ತಿಸಬಹುದೆಂದು ಅಂದಾಜಿಸಲು ಅಲ್ಲಿನ ಮೂರು ಅಂತಸ್ತಿನ ಗುಡಿಯೊಂದರ ಸ್ವಾಭಾವಿಕ ಆವರ್ತನವನ್ನು, ಅಂದರೆ ಅಲುಗಿದಾಗ ಅದು ತನ್ನಷ್ಟಕ್ಕೆ ಸೆಕೆಂಡಿಗೆ ಎಷ್ಟು ಬಾರಿ ತೂಗುತ್ತದೆ ಎಂಬುದನ್ನು, ನಾವು ಅಳೆದೆವು.

ಹಳೆಯ ಗುಡಿಯನ್ನು ಯಂತ್ರದಿಂದ ಅಲುಗಾಡಿಸುವ ಮಾತಿರಲಿ, ಗೋಡೆಗೆ ಒಂದು ಮೊಳೆ ಹೊಡೆಯುವಂತೆಯೂ ಇಲ್ಲ. ಆದ್ದರಿಂದ ಗಾಳಿ, ಜನರ ಓಡಾಟ, ದೂರದ ವಾಹನಗಳಿಂದ ಕಟ್ಟಡದಲ್ಲಿ ಸದಾ ಇರುವ ಸೂಕ್ಷ್ಮ ಅಲುಗಾಟವನ್ನೇ ನೆಚ್ಚಿಕೊಂಡು, ಕಂಪನ ಅಳೆಯುವ ಉಪಕರಣವಾದ ಅಕ್ಸೆಲರೋಮೀಟರುಗಳಲ್ಲಿ ಒಂದನ್ನು ಮೇಲಂತಸ್ತಿನಲ್ಲಿ ಕದಲಿಸದೆ ಇಟ್ಟು, ಉಳಿದವನ್ನು ಅಂತಸ್ತಿನಿಂದ ಅಂತಸ್ತಿಗೆ ಸಾಗಿಸುತ್ತ ಎರಡೂ ದಿಕ್ಕಿನ ಕಂಪನವನ್ನು ದಾಖಲಿಸಿದೆವು. ಪುಡಿಮಣ್ಣಿನ ನೆಲದ ಮೇಲಿಟ್ಟರೆ ಉಪಕರಣವೇ ತೂಗಾಡಿ, ಆ ತೂಗಾಟ ಕಟ್ಟಡದ ಲೆಕ್ಕಕ್ಕೆ ಸೇರಿಬಿಡುತ್ತದೆ. ಧೂಳು ಗುಡಿಸಿ ಗೋಡೆಯೊಳಗಿನ ಮರದ ಪಟ್ಟಿಯ ಮೇಲೆ ಕೂರಿಸಿದಾಗಲೇ ದಾಖಲೆ ತಿಳಿಯಾಗುವುದು. ಗಂಟೆಯ ಸದ್ದಿನಿಂದ ಬಾಧೆಯಿಲ್ಲ, ಅದರ ಆವರ್ತನ ನಮಗೆ ಬೇಕಾದದ್ದಕ್ಕಿಂತ ಎಷ್ಟೋ ಮೇಲಿರುತ್ತದೆ. ಕಾಟ ಕೊಟ್ಟದ್ದು ಉಪಕರಣದ ಮೇಲೆಯೇ ಬಂದು ಕೂರುವ ಪಾರಿವಾಳಗಳು.

ಇಂಥ ಅಂತಸ್ತಿನ ಗುಡಿಗಳ ಮೊದಲ, ಅಂದರೆ ಅತಿ ನಿಧಾನದ, ತೂಗಾಟ ಒಂದು ಸಲ ಪೂರ್ತಿಯಾಗಲು ಹಿಡಿಯುವ ಅವಧಿ ಸಾಮಾನ್ಯವಾಗಿ 0.6 ಸೆಕೆಂಡಿಗಿಂತ ಕಡಿಮೆ, ನಮಗೂ ಆ ಮಿತಿಯೊಳಗೇ ಸಿಕ್ಕಿತು. ಭಕ್ತಪುರವಿರುವ, ಹಿಂದೊಮ್ಮೆ ಸರೋವರವಾಗಿದ್ದ ಕಾಠ್ಮಂಡು ಕಣಿವೆಯ ಹೂಳುಮಣ್ಣು 2015ರಲ್ಲಿ ಮುಖ್ಯವಾಗಿ 4–5 ಸೆಕೆಂಡುಗಳ ನಿಧಾನ ಅವಧಿಯಲ್ಲಿ ತೂಗಿದ್ದರಿಂದ, ಗಿಡ್ಡ ಕಟ್ಟಡಗಳಿಗೆ ಅಷ್ಟು ದೊಡ್ಡ ಭೂಕಂಪದಿಂದ ನಿರೀಕ್ಷಿಸಬಹುದಾದ ಪೂರ್ಣ ಹೊರೆ ಬೀಳಲಿಲ್ಲ. ಆದಕಾರಣ ಅಂದು ಉಳಿದ ಗುಡಿಯನ್ನು ಭದ್ರವೆಂದು ಘೋಷಿಸಲು ನಾನು ಒಪ್ಪಲಾರೆ.

ಆವರ್ತನದ ಅಂಕಿಗಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ತೂಗಾಟದ ಆಕಾರ, ಅಂದರೆ ಯಾವ ಅಂತಸ್ತು ಎಷ್ಟು ಅಲುಗುತ್ತದೆ ಎಂಬುದನ್ನು ತೋರಿಸುವ ಗೆರೆ. ಮೇಲಂತಸ್ತಿನ ಗೋಡೆ ಕೆಳಗಿನ ಗೋಡೆಯ ನೇರಕ್ಕೆ ಬರದೆ ಮರದ ತೊಲೆಗಳ ಮೇಲೆ ನಿಂತಿರುವುದರಿಂದ, ಆಕಾರದ ಗೆರೆ ಸರಿಯಾಗಿ ಅಲ್ಲಿಯೇ ಮುರಿದಂತೆ ಬಾಗಿತ್ತು. ತೊಲೆಯ ಬೆಣೆಗಳು ಸಡಿಲವಾಗಿರುವುದನ್ನು ಕೈಯಿಂದಲೇ ಅಲ್ಲಾಡಿಸಿ ನೋಡಬಹುದಿತ್ತು. ಕಂಪ್ಯೂಟರ್ ಮಾದರಿಯನ್ನು ಅಳತೆಗೆ ಹೊಂದಿಸುವಾಗ ಹೆಂಚಿನಡಿಯ ದಪ್ಪ ಮಣ್ಣಿನ ಭಾರವನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಅದನ್ನು ಬಿಟ್ಟು ಗೋಡೆಯ ಬಿಗುವಿನ ಅಂಕಿಯನ್ನಷ್ಟೇ ತಿದ್ದಿದರೆ ಆವರ್ತನವೇನೋ ತಾಳೆಯಾಗುತ್ತದೆ, ಆದರೆ ಭೂಕಂಪದ ಬಲದ ಲೆಕ್ಕ ತಪ್ಪುತ್ತದೆ, ಏಕೆಂದರೆ ಆ ಬಲ ತೂಕವನ್ನು ಅವಲಂಬಿಸಿದೆ.

ಸೂಕ್ಷ್ಮ ಕಂಪನದಲ್ಲಿ ಘರ್ಷಣೆಯಿಂದ ಕಚ್ಚಿಕೊಂಡಿರುವ ಮರದ ಕೀಲುಗಳು ದೊಡ್ಡ ಕುಲುಕಾಟದಲ್ಲಿ ಜಾರುತ್ತವೆ, ಮಣ್ಣಿನ ಗಾರೆ ಬಿರುಕುಬಿಡುತ್ತದೆ, ಆವರ್ತನ ಇಳಿಯುತ್ತದೆ. ಹಾಗಾಗಿ ಅಳೆದ ಅಂಕಿಯನ್ನು ಆರಂಭದ ಸ್ಥಿತಿಯೆಂದು ಮಾತ್ರ ಹಿಡಿದು, ಮುಂದಿನ ವಿಶ್ಲೇಷಣೆಯಲ್ಲಿ ಕೀಲು ಜಾರುವುದಕ್ಕೂ ಗೋಡೆ ಬಿರಿಯುವುದಕ್ಕೂ ಅವಕಾಶ ಕೊಟ್ಟೆವು. ಬೆಣೆಗಳನ್ನು ಬಿಗಿಗೊಳಿಸಿದ ನಂತರ ಅದೇ ಜಾಗಗಳಲ್ಲಿ ಮತ್ತೆ ಅಳೆಯಲು ಅನುಕೂಲವಾಗಲೆಂದು ಉಪಕರಣ ಇಟ್ಟ ಒಂದೊಂದು ಸ್ಥಳವನ್ನೂ ನಕ್ಷೆಯಲ್ಲಿ ಗುರುತಿಸಿಟ್ಟಿದ್ದೇವೆ.