ಅಡಿಕೆ ಅಂಗಳದಲ್ಲಿ ದೆವ್ವದ ಸಿನಿಮಾ: ನನ್ನ ಅನುಭವ

"ಅಂಗಳದಲ್ಲಿ ಸಿನಿಮಾ ತೋರಿಸಿ ಅಸಲು ಎತ್ತುತ್ತೀಯಾ? ಎಂತ ಹುಚ್ಚು ಮಾರಾಯ ನಿಂದು!" ಅಂತ ನಮ್ಮ ಭಾವ ನಕ್ಕಿದ್ದರು. ಅವರಿಂದ ತಂದ ಎರಡು ಲಕ್ಷವನ್ನು ಹೋದ ಫೆಬ್ರುವರಿಯಲ್ಲಿ ವಾಪಸ್ ಕೊಟ್ಟೆ. ಅದಕ್ಕೇ ಈಗ ಬರೆಯುವ ಧೈರ್ಯ ಬಂತು.

ನಾನು ಮಾಡಿದ ಸಿನಿಮಾದ ಕತೆ ಸಣ್ಣದು. ತೀರ್ಥಹಳ್ಳಿ ಕಡೆಯ ಅಡಿಕೆ ದಲ್ಲಾಳಿಯೊಬ್ಬ ಸಾಯುತ್ತಾನೆ. ಕೊಟ್ಟ ಅಡ್ವಾನ್ಸ್ ವಸೂಲಾಗದೆ ದೆವ್ವವಾಗಿ ಮನೆಮನೆಗೆ ಬರುತ್ತಾನೆ. ಯಾರ ಕುತ್ತಿಗೆಯನ್ನೂ ಹಿಸುಕುವುದಿಲ್ಲ, ಲೆಕ್ಕದ ಪುಸ್ತಕ ತೆಗೆಯುತ್ತಾನೆ ಅಷ್ಟೆ. ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದರೆ ಕೆಳಗೆ ತಾರೀಕು ಹಾಕಿ ಸಹಿ ಮಾಡಿ ಅನ್ನುತ್ತಾನೆ.

ಆಗುಂಬೆ ರಸ್ತೆಯ ಒಂದು ಹಳೇ ತೊಟ್ಟಿ ಮನೆಯಲ್ಲಿ 24 ರಾತ್ರಿ ಶೂಟಿಂಗ್. ಮೇ ತಿಂಗಳಲ್ಲಿ ಮುಗಿಸುವ ಲೆಕ್ಕ ಇತ್ತು. ಜೀರುಂಡೆಗಳು ನಮ್ಮ ಲೆಕ್ಕ ಕೇಳಲಿಲ್ಲ. ಲೈವ್ ಸೌಂಡ್ ಪೂರ್ತಿ ಹಾಳಾಯಿತು, ಡಬ್ಬಿಂಗಿಗೆ ಮತ್ತೆ ಎಪ್ಪತ್ತು ಸಾವಿರದ ಹತ್ತಿರ ಹೋಯಿತು. ರಕ್ತಕ್ಕೆ ಬೆಲ್ಲದ ಪಾಕಕ್ಕೆ ಬಣ್ಣ ಸೇರಿಸಿದ್ದೆವು. ಹೆಣವಾಗಿ ಮಲಗಿದ್ದವನಿಗೆ ಇರುವೆ ಮುತ್ತಿ, ಹೆಣವೇ ಎದ್ದು ಓಡಿತು. ಆ ಶಾಟ್ ಸಿನಿಮಾದಲ್ಲಿ ಹಾಗೇ ಇದೆ. ಆಮೇಲೆ ಮುರುಗಲು ರಸಕ್ಕೆ ಬದಲಾಯಿಸಿದೆವು. ಇರುವೆ ಕಮ್ಮಿಯಾಯಿತು, ಆದರೆ ಬಿಳಿ ಪಂಚೆಯ ಕಲೆ ಮಾತ್ರ ಇವತ್ತಿಗೂ ಹೋಗಿಲ್ಲ.

ಸೆನ್ಸಾರ್ ವಿಷಯದಲ್ಲಿ ತಪ್ಪು ನನ್ನದೇ. ಆ ಮನೆಯ ಬೆಕ್ಕು ಮೂರು ಶಾಟ್‌ನಲ್ಲಿ ಬಂದು ಕೂತಿತ್ತು, ಚೆಂದ ಕಾಣುತ್ತದೆ ಅಂತ ಬಿಟ್ಟಿದ್ದೆ. ಪ್ರಾಣಿ ಇದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಬೇಕು. ಎರಡು ಶಾಟ್ ಕತ್ತರಿಸಿ, ಒಂದನ್ನು ಮತ್ತೆ ಶೂಟ್ ಮಾಡಿದೆವು. ಒಂದು ರಾತ್ರಿಗೆ 18 ಸಾವಿರ, ಬೆಕ್ಕಿಲ್ಲದೆ. ಬೀಡಿ ವಿಷಯದಲ್ಲಿ ಮಾತ್ರ ಲಾಭವಾಯಿತು. ದೆವ್ವ ಬೀಡಿ ಸೇದುವಾಗ ಕೆಳಗೆ ಧೂಮಪಾನ ಆರೋಗ್ಯಕ್ಕೆ ಹಾನಿಕಾರಕ ಅಂತ ಬರಲೇಬೇಕು ಅಲ್ವಾ? ಸತ್ತವನಿಗೆ ಎಂಥ ಆರೋಗ್ಯ! ನಾವು ಬರೆದ ಜೋಕಿಗಿಂತ ಅದಕ್ಕೇ ಜಾಸ್ತಿ ನಗು.

ಎಲ್ಲ ಸೇರಿ ಹದಿನೈದು ಲಕ್ಷದ ಹತ್ತಿರ ಆಯಿತು. ಅದರಲ್ಲಿ ಮೂರು ಲಕ್ಷ ಪೋಸ್ಟರ್, ಆಟೋ ಪ್ರಚಾರ, ಥಿಯೇಟರ್ ಬಾಡಿಗೆಗೆ. ಮೊದಲು ಎಲ್ಲರ ಹಾಗೆ ಥಿಯೇಟರಿಗೇ ಹೋದೆವು. ಒಂಬತ್ತು ಸ್ಕ್ರೀನ್. ಮೊದಲ ದಿನ ಬೆಳಿಗ್ಗೆ ಹತ್ತೂವರೆ ಆಟಕ್ಕೆ ಪರದೆ ಕಪ್ಪು. ಕೆಡಿಎಂ ಅಂದರೆ ಸಿನಿಮಾದ ಫೈಲ್ ತೆರೆಯುವ ಡಿಜಿಟಲ್ ಕೀಲಿ, ಗೊತ್ತು ಮಾಡಿದ ಹೊತ್ತಿಗಷ್ಟೇ ಕೆಲಸ ಮಾಡುತ್ತದೆ. ಅದನ್ನು ನಾನು 12 ಗಂಟೆಯಿಂದ ಕೇಳಿ ತರಿಸಿದ್ದೆ! ಬಂದಿದ್ದ ಮೂವತ್ತು ಜನರಲ್ಲಿ ಅರ್ಧ ನಮ್ಮ ನೆಂಟರು, ಹಾಗಾಗಿ ಗಲಾಟೆ ಆಗಲಿಲ್ಲ. ಒಂದು ವಾರಕ್ಕೆ ಸಿನಿಮಾ ಇಳಿಯಿತು. ಎಲ್ಲ ಕಳೆದು ಕೈಗೆ ಬಂದ ಶೇರ್ ಒಂದು ಲಕ್ಷ ನಲವತ್ತು ಸಾವಿರ ಇರಬೇಕು.

ಬೆಂಗಳೂರಿನ ಆಟದಲ್ಲಿ ಒಂದು ಕಂಡೆ. ದಲ್ಲಾಳಿ ದೆವ್ವ ಕ್ಯಾಮೆರಾ ನೋಡಿ "ಇವತ್ತು ರಾಶಿ ಎಷ್ಟು?" ಅಂತ ಕೇಳುತ್ತದೆ, ಅಂದರೆ ರಾಶಿ ಅಡಿಕೆಗೆ ಇವತ್ತಿನ ರೇಟು. ಆಮೇಲೆ ನಾಲ್ಕು ಸೆಕೆಂಡ್ ಮೌನ. ಅಲ್ಲಿ ಹಿಂದಿನ ಸೀಟಿನವನು "ಸೌಂಡ್ ಹೋಯ್ತು" ಅಂದ. ಅದೇ ಜಾಗದಲ್ಲಿ ನಮ್ಮೂರಲ್ಲಿ ಏನಾಗಿತ್ತು ಗೊತ್ತಾ? ಎಡಿಟಿಂಗ್ ನಡೆಯುವಾಗ ಚಿಕ್ಕಪ್ಪನ ಅಂಗಳದಲ್ಲಿ ರಫ್ ಕಟ್, ಅಂದರೆ ಇನ್ನೂ ಪೂರ್ತಿಯಾಗದ ಸಿನಿಮಾ, ತೋರಿಸಿದ್ದೆ. ಅಡಿಕೆ ಸುಲಿಯಲು ಬಂದ ಐವತ್ತು ಜನ ಇದ್ದರು. ಚಪ್ಪರದ ಕಂಬಕ್ಕೆ ಒಂದು ರೆಕಾರ್ಡರ್ ಕಟ್ಟಿ ಜನರ ಸದ್ದು ಹಿಡಿದು, ಅದನ್ನು ಟೈಮ್‌ಲೈನ್ ಮೇಲೆ ಚಿತ್ರದ ಜೊತೆ ಕೂರಿಸಿ ನೋಡಿದೆ. ಆ ಪ್ರಶ್ನೆಗೆ ಜನ ಒಟ್ಟಿಗೆ ಅವತ್ತಿನ ರೇಟು ಕೂಗಿದ್ದರು. ನಡುವೆ ಒಬ್ಬರು "ಸುಳ್ಳು, ಅಷ್ಟಿಲ್ಲ" ಅಂತ ಜಗಳಕ್ಕೇ ನಿಂತಿದ್ದರು. ಆ ನಾಲ್ಕು ಸೆಕೆಂಡ್ ನಾನು ಇಟ್ಟದ್ದೇ ಅವರಿಗಾಗಿ. ನಗು ಮುಂದಿನ ಡೈಲಾಗ್ ನುಂಗಿದ ಕಡೆಯೆಲ್ಲ ಒಂದೆರಡು ಸೆಕೆಂಡ್ ಜಾಗ ಬಿಟ್ಟೆ, ನಗದ ಕಡೆ ಕತ್ತರಿಸಿದೆ. ಸಿನಿಮಾ ಹತ್ತು ನಿಮಿಷ ಕಮ್ಮಿಯಾಯಿತು.

ಥಿಯೇಟರಿಂದ ಇಳಿದ ಮೇಲೆ ಹೊಳೆದದ್ದು ಯಕ್ಷಗಾನದ ಲೆಕ್ಕ. ಡೇರೆ ಆಟಕ್ಕೆ ಟಿಕೆಟ್, ಬಯಲಾಟಕ್ಕೆ ಆಡಿಸುವವರು ದುಡ್ಡು ಕೊಡುತ್ತಾರೆ. ನಾವು ಬಯಲಾಟದ ದಾರಿ ಹಿಡಿದೆವು. ಯುವಕ ಸಂಘ ಒಂದು ರಾತ್ರಿಗೆ 18 ಸಾವಿರ ಕೊಟ್ಟರೆ ಪರದೆ, ಪ್ರೊಜೆಕ್ಟರ್, ಜನರೇಟರ್, ನಾವು ನಾಲ್ಕು ಜನ ಹಾಜರ್. ಊಟ ಅವರದ್ದು. ಖರ್ಚು ಐದು ಸಾವಿರ ಕಳೆದರೆ ಹದಿಮೂರು ಉಳಿಯುತ್ತದೆ. ಪಂಚಾಯಿತಿ, ಠಾಣೆಗೆ ಕಾಗದ ಸಂಘವೇ ಕೊಡಬೇಕು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲವಾದ್ದರಿಂದ ಏಳೂವರೆಗೆ ಶುರು ಮಾಡಲೇಬೇಕು.

ಮೊದಲ ಆಟವನ್ನು ಹುಣ್ಣಿಮೆ ಹತ್ತಿರ ಇಟ್ಟು ಕೆಟ್ಟೆ. ಬೆಳದಿಂಗಳಿಗೆ ಪರದೆ ಪೂರಾ ಪೇಲವ. ಮುಂದಿನದ್ದು ಅಮಾವಾಸ್ಯೆ. ಚಿತ್ರ ಅದ್ಭುತವಾಗಿ ಬಂತು, ಜನ ಬರಲಿಲ್ಲ. "ಅಮಾಸೆ ರಾತ್ರಿ ದೆವ್ವದ ಸಿನಿಮಾ ನೋಡಿ ತೋಟದ ದಾರಿಯಲ್ಲಿ ಯಾರು ಮನೆಗೆ ಹೋಗ್ತಾರೆ ಮಾರಾಯ?" ಅಂತ ಸಂಘದ ಅಧ್ಯಕ್ಷರೇ ಅಂದರು. ಕೊನೆಗೆ ಪಂಚಾಂಗ ಹಿಡಿದು ಕೂತೆ. ಹುಣ್ಣಿಮೆ ಕಳೆದು ಬಹುಳ ಪಂಚಮಿ ಸುತ್ತಮುತ್ತ ಚಂದ್ರ ಹುಟ್ಟುವುದೇ ತಡ. ಆಟ ನಡೆಯುವಾಗ ಕತ್ತಲೆ, ಮನೆಗೆ ಹೋಗುವಾಗ ಬೆಳದಿಂಗಳು. ತಿಂಗಳಿಗೆ ಐದೇ ರಾತ್ರಿ ಸಿಗುತ್ತವೆ, ನವೆಂಬರಿಂದ ಮೇವರೆಗೆ. ಮೂರು ವರ್ಷದಲ್ಲಿ ಹೊಸನಗರ, ಸಾಗರ, ಸೊರಬ, ಆಚೆ ಕೊಪ್ಪ, ಶೃಂಗೇರಿ ಎಲ್ಲ ಸೇರಿ ನೂರಕ್ಕೆ ಸ್ವಲ್ಪ ಮೇಲೆ ಆಟ ಆಯಿತು. ಹದಿಮೂರು ಲಕ್ಷ ಚಿಲ್ಲರೆ. ಥಿಯೇಟರಿನದ್ದು ಸೇರಿಸಿದರೆ ಅಸಲು ಬಂದ ಹಾಗೆ. ಬೇರೆ ಯಾರಾದರೂ ಇಷ್ಟು ದೆವ್ವ ದುಡಿಸಿದ್ದರೆ ಹೇಳಿ!

ಪರದೆ ಗಾಳಿಗೆ ಉಬ್ಬಿ ದೆವ್ವಕ್ಕೆ ಹೊಟ್ಟೆ ಬರುತ್ತಿತ್ತು. ಅದಕ್ಕೆ ಬಟ್ಟೆಯಲ್ಲಿ ಸಣ್ಣ ಸೀಳು ಕೊಟ್ಟಿದ್ದೇನೆ. ಎಲ್ಲಿ, ಎಷ್ಟು ಉದ್ದ ಅಂತ ಹೇಳಲ್ಲ, ಎರಡು ಪರದೆ ಹಾಳು ಮಾಡಿ ಕಲಿತದ್ದು. ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆವು. ಗೆಜ್ಜೆ ಸದ್ದಿನ ಸೀನಿಗೆ ನಮ್ಮ ಹುಡುಗನನ್ನೇ ಗೆಜ್ಜೆ ಕಟ್ಟಿ ಜನರ ಹಿಂದೆ ನಡೆಸಿದೆವು. ಎರಡು ಊರಲ್ಲಿ ಜನ ಕಿರುಚಿದರು. ಮೂರನೇ ಊರಲ್ಲಿ ಒಬ್ಬ ಅಜ್ಜ ತಿರುಗಿಯೂ ನೋಡದೆ ಟಾರ್ಚಿನಿಂದ ಬಾರಿಸಿದರು. ಮೂರು ಹೊಲಿಗೆ. ನಿಲ್ಲಿಸಿದೆವು.

ತೊಟ್ಟಿಯ ನೀರಿನಲ್ಲಿ ದಲ್ಲಾಳಿಯ ಮುಖ ಮಾತ್ರ ತೇಲುವ ಶಾಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಗ್ರಾಫಿಕ್ಸ್ ಅಲ್ಲ. ಒಂದು ಹಿತ್ತಾಳೆ ಉರುಳಿ (ಅಗಲ ಬಾಯಿಯ ಪಾತ್ರೆ) ಬೇಕು ಅಂತ ಮಾತ್ರ ಹೇಳುತ್ತೇನೆ, ಉಳಿದದ್ದು ಮುಂದಿನ ಸಿನಿಮಾಕ್ಕೆ ಬೇಕು.

ಮಳೆಗಾಲಕ್ಕೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಹೋದ ಜುಲೈನಲ್ಲಿ ಒಂದು ಕಲ್ಯಾಣ ಮಂಟಪದಲ್ಲಿ ಹಾಕಿ ನೋಡಿದೆ. ತಗಡಿನ ಮಾಡು, ಜಡಿಮಳೆ. ದೆವ್ವ ಬಾಯಿ ಆಡಿಸಿದ್ದಷ್ಟೇ ಕಂಡಿತು, ಒಂದು ಮಾತೂ ಕೇಳಲಿಲ್ಲ. ಆರು ಸಾವಿರ ಕೈಯಿಂದ ಹೋಯಿತು. ಈ ಸಲ ಹೆಂಚಿನ ಮಾಡಿನ ಒಂದು ಜಾಗ ನೋಡಿಟ್ಟಿದ್ದೇನೆ.