ಸಂಶೋಧನಾ ಪ್ರಬಂಧವನ್ನು 2013ರ ರೂಪಾಯಿಯ ಜೊತೆ ಓದುವುದು ಹೇಗೆ?

ಅಂತರರಾಷ್ಟ್ರೀಯ ಹಣಕಾಸಿನ ಪ್ರಬಂಧ ಕೈಗೆ ಕೊಟ್ಟರೆ ನನ್ನ ಎಂ.ಎ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ನೇರ ಸಮೀಕರಣಗಳ ಪುಟಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ನಾನು ಹೇಳುವುದು: ನಮಗೆ ಚೆನ್ನಾಗಿ ಗೊತ್ತಿರುವ ಒಂದು ಘಟನೆಯ ಮೇಲೆ ಪ್ರಬಂಧದ ವಾದವನ್ನು ಒರೆಹಚ್ಚಿ, ಸಮೀಕರಣ ಆಮೇಲೆ.

ಅರ್ಥಶಾಸ್ತ್ರಜ್ಞೆ ಎಲೆನ್ ರೇ 2013ರ ಆಗಸ್ಟ್‌ನಲ್ಲಿ ಅಮೆರಿಕದ ಜಾಕ್ಸನ್ ಹೋಲ್‌ನಲ್ಲಿ ನಡೆದ ಕೇಂದ್ರ ಬ್ಯಾಂಕರುಗಳ ವಾರ್ಷಿಕ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧವನ್ನೇ ತೆಗೆದುಕೊಳ್ಳಿ. ವಾದವನ್ನು ಮೊದಲು ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ಸ್ಥಿರ ವಿನಿಮಯ ದರ, ಬಂಡವಾಳದ ಮುಕ್ತ ಓಡಾಟ, ಸ್ವತಂತ್ರ ಬಡ್ಡಿ ನೀತಿ ಮೂರೂ ಒಟ್ಟಿಗೆ ಸಿಗುವುದಿಲ್ಲ, ದರವನ್ನು ಮಾರುಕಟ್ಟೆಗೆ ಬಿಟ್ಟರೆ ಉಳಿದೆರಡು ಸಿಗುತ್ತವೆ ಎನ್ನುವುದು ಅರ್ಥಶಾಸ್ತ್ರಜ್ಞರಾದ ಮಂಡೆಲ್, ಫ್ಲೆಮಿಂಗ್ ಕಾಲದ ಪಾಠ. ರೇ ಇದನ್ನು ಒಪ್ಪುವುದಿಲ್ಲ. ಬಂಡವಾಳದ ಹರಿವಿಗೆ ಕಡಿವಾಣವಿಲ್ಲದಿದ್ದರೆ ದರವನ್ನು ಮಾರುಕಟ್ಟೆಗೆ ಬಿಟ್ಟರೂ ಬಡ್ಡಿ ನೀತಿ ನಮ್ಮ ಕೈಯಲ್ಲಿ ಉಳಿಯದು ಎನ್ನುತ್ತಾರೆ.

ಈಗ ಘಟನೆ. 2013ರ ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್‌ನ ಆಗಿನ ಅಧ್ಯಕ್ಷ ಬೆನ್ ಬರ್ನಾಂಕಿ ಅದರ ಬಾಂಡ್ ಖರೀದಿ ತಗ್ಗಿಸುವ ಸುಳಿವು ಕೊಟ್ಟರು. ಡಾಲರಿಗೆ 55 ರೂಪಾಯಿ ಆಸುಪಾಸಿನಲ್ಲಿದ್ದ ದರ ಆಗಸ್ಟ್ 28ಕ್ಕೆ 68 ದಾಟಿತು. ರೂಪಾಯಿ ದರ, ಅಮೆರಿಕದ 10 ವರ್ಷದ ಸರ್ಕಾರಿ ಬಾಂಡ್ ಇಳುವರಿ (ಬಾಂಡ್ ಕೊಂಡವರಿಗೆ ಸಿಗುವ ಬಡ್ಡಿ ದರ), ಅಲ್ಲಿನ ಷೇರು ಮಾರುಕಟ್ಟೆಯ ಆತಂಕವನ್ನು ಅಳೆಯುವ ವಿಕ್ಸ್ ಸೂಚ್ಯಂಕ, ಈ ಮೂರನ್ನೂ ವಾರವಾರು ಪಕ್ಕಪಕ್ಕ ಬರೆಯಿರಿ. ಸೇಂಟ್ ಲೂಯಿಸ್ ಫೆಡ್‌ನ ಫ್ರೆಡ್ ಎಂಬ ಅಂಕಿಅಂಶಗಳ ಜಾಲತಾಣದಲ್ಲಿ ಮೂರೂ ಉಚಿತವಾಗಿ ಸಿಗುತ್ತವೆ.

ಈ ಪಟ್ಟಿಯ ಮುಂದೆ ಸಾವಕಾಶವಾಗಿ ಕುಳಿತುಕೊಳ್ಳಿ, ನಿಜವಾದ ಕಲಿಕೆ ಇರುವುದು ಇಲ್ಲೇ. ರೇ ಜಾಗತಿಕ ಹಣಕಾಸು ಆವರ್ತವನ್ನು, ಅಂದರೆ ಹಲವು ದೇಶಗಳ ಬಂಡವಾಳ ಹರಿವು, ಸಾಲ, ಆಸ್ತಿ ಬೆಲೆಗಳು ಒಟ್ಟಿಗೆ ಏರಿಳಿಯುವುದನ್ನು, ವಿಕ್ಸ್ ಜೊತೆ ಬೆಸೆಯುತ್ತಾರೆ. ಆದರೆ 2008ರಲ್ಲಿ 80 ಮುಟ್ಟಿದ್ದ ವಿಕ್ಸ್, 2013ರ ಆ ತಿಂಗಳುಗಳಲ್ಲಿ 20ರ ಆಸುಪಾಸಿಗಷ್ಟೇ ಏರಿ ಮತ್ತೆ ಇಳಿಯಿತು. ಜಿಗಿದದ್ದು ಇಳುವರಿ: ಮೇ ಆರಂಭದಲ್ಲಿ ಶೇ 1.7ರಷ್ಟು, ಸೆಪ್ಟೆಂಬರ್ ಹೊತ್ತಿಗೆ ಶೇ 3ರ ಹತ್ತಿರ. ಇಷ್ಟಕ್ಕೇ ಪ್ರಬಂಧ ಸುಳ್ಳಾಗುವುದಿಲ್ಲ. ಅಮೆರಿಕದ ನೀತಿ ನಮ್ಮನ್ನು ತಲುಪಲು ಭಯ ಒಂದು ದಾರಿ, ಬಡ್ಡಿ ಇನ್ನೊಂದು. ವಿಕ್ಸ್ ಮೊದಲನೆಯದನ್ನು ಅಳೆಯುತ್ತದೆ. 2012-13ರಲ್ಲಿ ನಮ್ಮ ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ 4.8 ಇತ್ತು, ಅದನ್ನು ವಿದೇಶಿ ಹಣದಿಂದ ತುಂಬಬೇಕಿತ್ತು ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ.

ರೂಪಾಯಿ ಕುಸಿತ ತಡೆಯಲು ರಿಸರ್ವ್ ಬ್ಯಾಂಕ್ ಎಷ್ಟು ಡಾಲರ್ ಮಾರಿತೆಂದು ನೋಡುವಾಗ ಒಂದು ಎಚ್ಚರಿಕೆ: ವಿದೇಶಿ ವಿನಿಮಯ ಮೀಸಲು ಇಳಿದಷ್ಟನ್ನೂ ರಿಸರ್ವ್ ಬ್ಯಾಂಕ್ ಡಾಲರ್ ಮಾರಿದೆ ಎಂದು ಲೆಕ್ಕ ಹಿಡಿಯಬೇಡಿ. ಮೀಸಲಿನಲ್ಲಿ ಚಿನ್ನ, ಯೂರೋ ಕೂಡ ಇರುವುದರಿಂದ ಚಿನ್ನದ ಬೆಲೆ, ಯೂರೋ ದರ ಬದಲಾದರೂ ಆ ಮೊತ್ತ ಬದಲಾಗುತ್ತದೆ. ಡಾಲರ್ ಖರೀದಿ-ಮಾರಾಟದ ತಿಂಗಳವಾರು ಕೋಷ್ಟಕ ರಿಸರ್ವ್ ಬ್ಯಾಂಕಿನ ಬುಲೆಟಿನ್‌ನಲ್ಲೇ ಇದೆ.

ಇನ್ನು ಪ್ರಬಂಧದ ಕೋಷ್ಟಕಗಳನ್ನು ತೆರೆಯಬಹುದು. ಯಾವ ದೇಶಗಳಿವೆ, ಯಾವ ವರ್ಷಗಳ ಅಂಕಿಅಂಶ, ಬಂಡವಾಳ ಖಾತೆಯ ಮುಕ್ತತೆಯನ್ನು (ಗಡಿಯಾಚೆ ಬಂಡವಾಳ ಎಷ್ಟು ಸಲೀಸಾಗಿ ಓಡಾಡಬಹುದೆಂಬುದನ್ನು) ಹೇಗೆ ಅಳೆದಿದ್ದಾರೆ ಎಂದು ನೋಡಿ. ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಚಿನ್-ಇಟೊ ಸೂಚ್ಯಂಕ ಭಾರತವನ್ನು ಬಹುಮಟ್ಟಿಗೆ ಮುಚ್ಚಿದ ದೇಶಗಳ ಸಾಲಿನಲ್ಲಿಡುತ್ತದೆ. ಆದರೂ ರೂಪಾಯಿ ಆ ಪರಿ ಕುಸಿಯಿತಲ್ಲ! ಸೂಚ್ಯಂಕ ಎಣಿಸುವುದು ಕಾಗದದ ಮೇಲಿನ ನಿರ್ಬಂಧಗಳನ್ನು. ದೇಶದೊಳಗೆ ನಿಜವಾಗಿ ಎಷ್ಟು ವಿದೇಶಿ ಹಣ ಸೇರಿದೆ ಎಂದು ತಿಳಿಯಲು ಅರ್ಥಶಾಸ್ತ್ರಜ್ಞರಾದ ಲೇನ್ ಮತ್ತು ಮಿಲೇಸಿ-ಫೆರೆಟ್ಟಿ ಕಲೆಹಾಕಿದ, ದೇಶಗಳ ವಿದೇಶಿ ಆಸ್ತಿ-ಹೊಣೆಗಳ ದತ್ತಾಂಶ ತೆರೆದು, ಅದೇ ಅವಧಿಯ ಭಾರತದ ಸಾಲುಗಳನ್ನು ಓದಿ.