ಎರಡು ನಿಮಿಷದ ಆರಂಭ: ಕಡಿಮೆ ಖರ್ಚಿನ ವಿದ್ಯಾರ್ಥಿ ಚಿತ್ರ ಮಾಡುವುದು, ಮಾಡಿದ್ದನ್ನು ಒರೆಗೆ ಹಚ್ಚುವುದು

ಕೇಂಬ್ರಿಜ್ ಇಂಟರ್‌ನ್ಯಾಷನಲ್ ಪರೀಕ್ಷಾ ಮಂಡಳಿಯ ಎಎಸ್ ಲೆವೆಲ್ ಮೀಡಿಯಾ ಸ್ಟಡೀಸ್ (ಮಾಧ್ಯಮ ಅಧ್ಯಯನ, ಪಠ್ಯಕ್ರಮ ಸಂಖ್ಯೆ 9607) ಓದುವವರಿಗೆ ಇರುವ ಪ್ರಾಯೋಗಿಕ ಕೆಲಸಗಳಲ್ಲಿ ಒಂದು ಹೀಗಿದೆ: ಇನ್ನೂ ಹುಟ್ಟದ ಒಂದು ಕಥಾಚಿತ್ರದ ಟೈಟಲ್ ಮತ್ತು ಆರಂಭವನ್ನು ಎರಡು ನಿಮಿಷ ಮೀರದಂತೆ ಮಾಡಬೇಕು, ಆಮೇಲೆ ಆ ಕೆಲಸವನ್ನು ತಾವೇ ವಿಮರ್ಶಿಸಬೇಕು. ಪತ್ರಿಕೋದ್ಯಮ ವಿಭಾಗದ ವಿದ್ಯಾರ್ಥಿಗಳಿಗೂ, ಮೊದಲ ಸಲ ಸ್ನೇಹಿತರ ಜೊತೆ ಸೇರಿ ಚಿತ್ರ ಮಾಡುವವರಿಗೂ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ.

ಹೆಚ್ಚಿನ ತಂಡಗಳು ವಿಮರ್ಶೆಯ ಭಾಗವನ್ನು ಕೊನೆಯ ವಾರಕ್ಕೆ ತಳ್ಳುತ್ತವೆ. ಅಷ್ಟು ಹೊತ್ತಿಗೆ ನೆನಪಿನಲ್ಲಿ ಉಳಿದಿರುವುದು ಮಳೆ ಬಂದಿದ್ದು, ಬ್ಯಾಟರಿ ಮುಗಿದಿದ್ದು ಇಂಥವಷ್ಟೇ. ಹಾಗಾಗಿ ಮೊದಲ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಗೆರೆ ಹಾಕಿ: ಶಾಟ್ ಸಂಖ್ಯೆ, ಅಂದುಕೊಂಡಿದ್ದು, ಆಗಿದ್ದು, ಕಾರಣ. ಅದನ್ನು ಬರೆಯುವ ಹೊಣೆ ನಿರ್ದೇಶಕರಿಗೆ ಬೇಡ, ಅವರ ಗಮನ ನಟರ ಮೇಲಿರಲಿ. ಸೆಟ್‌ನಲ್ಲಿ ಕೈ ಬಿಡುವಾಗಿರುವ ಒಬ್ಬರು ಪ್ರತಿ ಟೇಕ್ ಮುಗಿದ ಕೂಡಲೇ ಒಂದು ಸಾಲು ಬರೆದರೆ ಸಾಕು. ಕ್ಯಾಮೆರಾ, ದೀಪ, ನಟ ಎಲ್ಲಿದ್ದರು ಎಂದು ತೋರಿಸುವ ಒಂದು ಫೋಟೊವನ್ನೂ ಪಕ್ಕದಿಂದ ತೆಗೆದಿಡಿ. ಮರುಶೂಟ್ ಮಾಡಬೇಕಾದರೆ ಇದೇ ಆಧಾರ.

ಕಥೆ ಹೇಳಬೇಡಿ, ಕಥೆ ಶುರು ಮಾಡಿ

ಎರಡು ನಿಮಿಷದಲ್ಲಿ ಇಡೀ ಕಿರುಚಿತ್ರ ತುರುಕುವುದು ಮೊದಲ ತಪ್ಪು. ಕೊಲೆಯಾಗಿ, ಪತ್ತೆಯಾಗಿ, ಅಪರಾಧಿ ಸಿಕ್ಕಿಬಿದ್ದರೆ ಅದು ಆರಂಭವಾಗುವುದಿಲ್ಲ. ಯಾರ ಕಥೆ, ಯಾವ ಊರು, ಯಾವ ಬಗೆಯ ಚಿತ್ರ, ಇಷ್ಟು ಗೊತ್ತಾಗಬೇಕು. ಒಂದು ಪ್ರಶ್ನೆ ಉತ್ತರವಿಲ್ಲದೆ ಉಳಿಯಬೇಕು. ಈ ಮಾರ್ಗದರ್ಶಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ಸಂಜೆ, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿ. ಹುಡುಗಿಯೊಬ್ಬಳು ನೋಟ್ಸ್ ಪ್ರತಿ ಮಾಡಿಸಲು ಕಾಯುತ್ತಿದ್ದಾಳೆ. ಯಂತ್ರದಿಂದ ಬೇರೆ ಯಾರದೋ ಹಾಳೆಗಳು ಹೊರಬರುತ್ತಿವೆ. ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆ, ಕೆಳಗೆ ಅವಳದೇ ಫೋಟೊ. ಒಂದೇ ಜಾಗ, ಇಬ್ಬರು ನಟರು, ವಿಶೇಷ ಪರಿಕರವೆಂದರೆ ಒಂದು ಹಾಳೆ. ಕಡಿಮೆ ಖರ್ಚಿನ ಆರಂಭಕ್ಕೆ ಬೇಕಾಗುವ ಅಳತೆ ಇದು.

ಬಿಡಬೇಕಾದವನ್ನೂ ಮೊದಲೇ ಗುರುತು ಮಾಡಿಕೊಳ್ಳಿ. ಅಲಾರಂ ಹೊಡೆದು ಎಚ್ಚರವಾಗುವುದು, ಹಲ್ಲುಜ್ಜುವುದು, ಕನ್ನಡಿ ನೋಡಿಕೊಳ್ಳುವುದು ಇವೆಲ್ಲ ಪಾತ್ರದ ಬಗ್ಗೆ ಏನೂ ಹೇಳದೆ ಇಪ್ಪತ್ತು ಸೆಕೆಂಡು ನುಂಗುತ್ತವೆ. ಮೂರು ಬ್ಯಾನರ್‌ಗಳ ಲೋಗೊ, ಉದ್ದನೆಯ ಕೃತಜ್ಞತೆ, ಎಲ್ಲಿಂದಲೋ ನಕಲು ಮಾಡಿದ ಸೆನ್ಸಾರ್ ಪ್ರಮಾಣಪತ್ರ ಇವೂ ಬೇಡ. ಪ್ರಮಾಣಪತ್ರದ ನಕಲಂತೂ ಸುಳ್ಳು ದಾಖಲೆ, ಅದನ್ನು ಹಾಕಲೇಬೇಡಿ.

ಲೆಕ್ಕ ಹೀಗೆ ಹಾಕಿ. ಒಟ್ಟು 120 ಸೆಕೆಂಡು. ಕಪ್ಪು ಪರದೆಯ ಮೇಲಿನ ಟೈಟಲ್‌ಗೆ 15 ತೆಗೆದರೆ 105 ಉಳಿಯಿತು. ಶಾಟ್‌ಗೆ ಸರಾಸರಿ 4ರಿಂದ 5 ಸೆಕೆಂಡು ಎಂದರೆ 21ರಿಂದ 26 ಶಾಟ್. ಕ್ಯಾಮೆರಾ ಜಾಗ ಬದಲಿಸಿ ದೀಪ ಸರಿಮಾಡಿಕೊಳ್ಳಲು ಹೊಸಬರಿಗೆ 20-25 ನಿಮಿಷ ಬೇಕು. ಆರು ಗಂಟೆಯಲ್ಲಿ ಸುಮಾರು 15 ಜಾಗ. ಅಂದರೆ ಒಂದೇ ಜಾಗದಿಂದ ಎರಡು ಮೂರು ಶಾಟ್ ತೆಗೆಯುವ ಹಾಗೆ ಪಟ್ಟಿ ಮಾಡಬೇಕು. ಕಥೆಯ ಕ್ರಮದಲ್ಲಿ ಶೂಟ್ ಮಾಡಿದರೆ ಇದು ಆಗುವುದಿಲ್ಲ. ಒಂದು ದಿಕ್ಕಿಗೆ ನೋಡುವ ಶಾಟ್‌ಗಳನ್ನೆಲ್ಲ ಮುಗಿಸಿ ಆಮೇಲೆ ಎದುರು ದಿಕ್ಕಿಗೆ ತಿರುಗಿ.

ಅಂಗಡಿಯವರ ಹತ್ತಿರ ಭಾನುವಾರ ಅಥವಾ ಬಾಗಿಲು ಹಾಕುವ ಹೊತ್ತಿನ ನಂತರದ ಸಮಯ ಕೇಳಿ. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಎಷ್ಟು ಜನ, ಯಾವ ಯಂತ್ರ ಮುಟ್ಟುತ್ತೀರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ. ಹಾಳೆಗೂ ಟೋನರಿಗೂ ಆಗುವ ಹಣವನ್ನು ಅವರು ಕೇಳುವ ಮೊದಲೇ ಕೊಡಿ. ರೈಲು ನಿಲ್ದಾಣ, ಮೆಟ್ರೊ, ಪುರಾತತ್ವ ಇಲಾಖೆಯ ಸ್ಮಾರಕ ಇಂಥ ಕಡೆ ಅನುಮತಿ ಇಲ್ಲದೆ ಕ್ಯಾಮೆರಾ ತೆಗೆಯಬೇಡಿ. ಆಟಿಕೆ ಪಿಸ್ತೂಲು ಹಿಡಿದು ಬೀದಿಯಲ್ಲಿ ಶೂಟ್ ಮಾಡುವ ಯೋಚನೆ ಇದ್ದರೆ ಕೈಬಿಡಿ.

ಪ್ರಕಟಣೆಯ ಹಾಳೆ ಚಿಕ್ಕ ವಿಷಯದಂತೆ ಕಂಡರೂ ಅದರಲ್ಲಿ ಎಚ್ಚರ ಬೇಕು. ಮನಸ್ಸಿಗೆ ತೋಚಿದ ಹತ್ತು ಅಂಕಿ ಹಾಕಿದರೆ ಅದು ನಿಜವಾಗಿ ಯಾರದೋ ಫೋನ್ ನಂಬರ್ ಆಗಿರಬಹುದು. ಕೊನೆಯ ಅಂಕಿಗಳ ಮೇಲೆ ನಟಿಯ ಬೆರಳು ಬರುವಂತೆ ಅಥವಾ ಆ ಭಾಗ ಚೌಕಟ್ಟಿನಿಂದ ಹೊರಗೆ ಉಳಿಯುವಂತೆ ಮಾಡಿ. ಶೂಟಿಂಗ್ ಮುಗಿದ ಮೇಲೆ ಪ್ರತಿಯೊಂದು ಹಾಳೆಯನ್ನೂ ಎಣಿಸಿ ಹರಿದುಹಾಕಿ. ಒಂದು ಪ್ರತಿ ಅಂಗಡಿಯಲ್ಲೇ ಉಳಿದು ವಾಟ್ಸಾಪ್‌ಗೆ ಹೋದರೆ ಆ ಹುಡುಗಿಯ ಮನೆಯವರು ಗಾಬರಿಯಾಗುತ್ತಾರೆ.

ಫೋನನ್ನು ಕ್ಯಾಮೆರಾ ಮಾಡುವುದು

ಹೊಸ ಕ್ಯಾಮೆರಾ ಬಾಡಿಗೆಗೆ ತರುವ ಹಣವನ್ನು ಮೈಕ್‌ಗೆ ಹಾಕಿ. ಫೋನಿನ ಚಿತ್ರ ಸಾಕು, ಅದರ ಸ್ವಯಂಚಾಲಿತ ಬುದ್ಧಿಯನ್ನು ಕಟ್ಟಿಹಾಕಬೇಕು ಅಷ್ಟೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ, ಐಫೋನಿಗೂ ಹಲವು ಆಂಡ್ರಾಯ್ಡ್ ಫೋನುಗಳಿಗೂ ಸಿಗುತ್ತದೆ. ಅದರಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮ್ ಬೆಳಕು ಹಿಡಿಯುವ ಹೊತ್ತು) 1/50 ಸೆಕೆಂಡು ಇಡಿ. ಕಾರಣ ಇಷ್ಟು: ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ. 1/50 ಅಥವಾ 1/100 ಶಟರ್‌ನಲ್ಲಿ ಪ್ರತಿ ಫ್ರೇಮಿಗೂ ಪೂರ್ತಿ ಮಿಡಿತಗಳು ಸಿಗುತ್ತವೆ. 30 ಫ್ರೇಮ್, 1/60 ಇಟ್ಟರೆ ಸಿಗುವುದಿಲ್ಲ, ಚಿತ್ರದ ಮೇಲೆ ಕಪ್ಪು ಪಟ್ಟಿಗಳು ತೇಲುತ್ತವೆ. ಎಡಿಟಿಂಗ್‌ನಲ್ಲಿ ಇದನ್ನು ಸರಿಮಾಡುವುದು ಬಹಳ ಕಷ್ಟ. ಜೆರಾಕ್ಸ್ ಯಂತ್ರದ ದೀಪ ಬೇರೆ ಬಗೆಯದು. ಹಿಂದಿನ ದಿನವೇ ಹೋಗಿ ಹತ್ತು ಸೆಕೆಂಡು ತೆಗೆದು ನೋಡಿ.

ಆ ದೀಪ ಗಾಜಿನ ಕೆಳಗೆ ಸರಿದಾಗ ಮುಖದ ಮೇಲೆ ಬೆಳಕು ಹಾದುಹೋಗುವುದೇ ಈ ದೃಶ್ಯದ ಸೊಗಸು. ಎಕ್ಸ್‌ಪೋಶರ್ (ಚಿತ್ರಕ್ಕೆ ಎಷ್ಟು ಬೆಳಕು ಎಂಬ ಅಳತೆ) ಲಾಕ್ ಮಾಡದಿದ್ದರೆ ಬೆಳಕು ಬಂದ ತಕ್ಷಣ ಫೋನ್ ಇಡೀ ಚಿತ್ರವನ್ನು ಕಪ್ಪು ಮಾಡಿ ಆ ಕ್ಷಣವನ್ನು ಕೊಲ್ಲುತ್ತದೆ. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರನ್ನೂ ಲಾಕ್ ಮಾಡಿ. ಏರ್‌ಪ್ಲೇನ್ ಮೋಡ್ ಹಾಕಿ, ಲೆನ್ಸ್ ಒರೆಸಿ. ಜೇಬಿನಲ್ಲಿದ್ದ ಫೋನಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ದೀಪಗಳ ಸುತ್ತ ಮಬ್ಬು ಕಾಣುವುದು ಅದರಿಂದಲೇ.

ಹೊರಾಂಗಣದಲ್ಲಿ ಕಥೆ ಬೇರೆ. ಬಹುತೇಕ ಫೋನುಗಳ ಅಪರ್ಚರ್ (ಲೆನ್ಸ್ ಬೆಳಕು ಒಳಬಿಡುವ ಕಿಂಡಿ) ಬದಲಾಗುವುದಿಲ್ಲ, ಆದ್ದರಿಂದ ಬಿಸಿಲಿನಲ್ಲಿ 1/50 ಇಟ್ಟರೆ ಚಿತ್ರ ಬೆಳ್ಳಗಾಗುತ್ತದೆ, ಶಟರ್ ವೇಗ ಏರಿಸಿದರೆ ನಡಿಗೆ ಕತ್ತರಿಸಿದಂತೆ ಕಾಣುತ್ತದೆ. ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಇಲ್ಲದವರು ಬೆಳಗ್ಗೆ ಎಂಟರ ಒಳಗೆ ಅಥವಾ ನೆರಳಿನಲ್ಲಿ ತೆಗೆಯಿರಿ.

ದೀಪಕ್ಕೆ ಎರಡು ಎಲ್‌ಇಡಿ ಬಲ್ಬು (12 ವ್ಯಾಟ್), ಉದ್ದ ವೈರಿನ ಹೋಲ್ಡರ್, ಎರಡು ಬಿಳಿ ಥರ್ಮಾಕೋಲ್ ಹಲಗೆ, ಒಂದು ಕಪ್ಪು ಬಟ್ಟೆ. ಬಲ್ಬನ್ನು ಮುಖಕ್ಕೆ ನೇರ ಹಿಡಿಯದೆ ಥರ್ಮಾಕೋಲ್‌ಗೆ ಬಡಿಸಿ ಅದರಿಂದ ಬರುವ ಮೆತ್ತನೆಯ ಬೆಳಕನ್ನು ಬಳಸಿ. ಅಂಗಡಿಯ ಬಿಳಿ ಟ್ಯೂಬ್‌ಲೈಟ್ ಜೊತೆ ಹಳದಿ ಬಲ್ಬು ಬೆರೆಸಿದರೆ ಮುಖದ ಒಂದು ಪಾಲು ಹಸಿರು, ಇನ್ನೊಂದು ಪಾಲು ಕಿತ್ತಳೆ ಆಗುತ್ತದೆ. ಒಂದೇ ಬಣ್ಣ ಆರಿಸಿಕೊಳ್ಳಿ. ನಟರನ್ನು ಗೋಡೆಯಿಂದ ನಾಲ್ಕೈದು ಅಡಿ ಮುಂದೆ ತಂದು ನಿಲ್ಲಿಸಿದರೆ ಹಿಂದೆ ಬೀಳುವ ನೆರಳು ಚೌಕಟ್ಟಿನಿಂದ ಹೊರಗೆ ಹೋಗುತ್ತದೆ.

ಸದ್ದು

ವಿದ್ಯಾರ್ಥಿ ಚಿತ್ರ ಸೋಲುವುದು ಹೆಚ್ಚಾಗಿ ಇಲ್ಲೇ. ಚಿತ್ರ ಸ್ವಲ್ಪ ಅಲುಗಾಡಿದರೆ ನೋಡುಗರು ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಸಹಿಸುವುದಿಲ್ಲ. ಕ್ಯಾಮೆರಾ ಎಂಟು ಅಡಿ ದೂರವಿದ್ದರೆ ಅದರ ಮೈಕ್ ಕೂಡ ಎಂಟು ಅಡಿ ದೂರವಿದೆ. ಅಲ್ಲಿಗೆ ತಲುಪುವುದು ಮಾತಿಗಿಂತ ಹೆಚ್ಚಾಗಿ ಕೋಣೆಯ ಪ್ರತಿಧ್ವನಿ. ಕಾಲರ್ ಮೈಕ್ ಒಂದನ್ನು ಎರಡನೇ ಫೋನಿಗೆ ಸಿಕ್ಕಿಸಿ ನಟಿಯ ಜೇಬಿನಲ್ಲಿಡಿ. ಮೈಕ್ ಬಾಯಿಂದ ಒಂದು ಗೇಣು ಕೆಳಗಿರಲಿ, ದುಪಟ್ಟಾ ಅದಕ್ಕೆ ಉಜ್ಜದಂತೆ ಟೇಪ್ ಹಚ್ಚಿ. ಎರಡೂ ಫೋನ್ ಓಡುತ್ತಿರುವಾಗ ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ಹೊಡೆಯಿರಿ. ಎಡಿಟಿಂಗ್‌ನಲ್ಲಿ ಕೈ ಸೇರುವ ಫ್ರೇಮಿಗೂ ಸದ್ದಿನ ಗೆರೆಯಲ್ಲಿ ಏಳುವ ಮೊನೆಗೂ ಜೋಡಿಸಿದರೆ ತುಟಿ-ಮಾತು ಕೂಡಿಕೊಳ್ಳುತ್ತವೆ.

ಫ್ಯಾನ್, ಫ್ರಿಜ್, ಎಸಿ ಆರಿಸಿ. ಯಂತ್ರವನ್ನೂ ಮಾತಿನ ಟೇಕ್‌ಗಳಲ್ಲಿ ಓಡಿಸಬೇಡಿ. ಅದರ ಸದ್ದನ್ನು ಆಮೇಲೆ ಪ್ರತ್ಯೇಕವಾಗಿ ತೆಗೆದುಕೊಳ್ಳಿ: ಹತ್ತಿರದಿಂದ ಒಂದು ನಿಮಿಷ, ಬಾಗಿಲಿನಿಂದ ಒಂದು ನಿಮಿಷ, ಹಾಳೆ ಟ್ರೇಗೆ ಬೀಳುವುದು ಹತ್ತು ಸಲ. ಜಾಗ ಬಿಡುವ ಮೊದಲು ಎಲ್ಲರೂ ಉಸಿರು ಬಿಗಿಹಿಡಿದು ಕೋಣೆಯ ಖಾಲಿ ಸದ್ದನ್ನು 30 ಸೆಕೆಂಡು ರೆಕಾರ್ಡ್ ಮಾಡಿ. ಎರಡು ಟೇಕ್ ಸೇರಿಸುವಲ್ಲಿ ಸದ್ದು ಜಿಗಿಯುವುದನ್ನು ಮುಚ್ಚುವುದು ಇದೇ.

ಸಿನಿಮಾ ಹಾಡಿನ ತುಣುಕು ಬೇಡ. 9607ರ ನಿಯಮದ ಪ್ರಕಾರ ಚಿತ್ರವೂ ಸದ್ದೂ ನೀವೇ ಮಾಡಿದ್ದಾಗಿರಬೇಕು, ಹಕ್ಕುಸ್ವಾಮ್ಯದ ತೊಡಕಿಲ್ಲದ ಮೂಲದ ಸಂಗೀತ ಮತ್ತು ಧ್ವನಿ ಪರಿಣಾಮಗಳಿಗೆ ಮಾತ್ರ ವಿನಾಯಿತಿ. ಯೂಟ್ಯೂಬ್ ಆಡಿಯೊ ಲೈಬ್ರರಿ, ಫ್ರೀಸೌಂಡ್ ಸಾಕಷ್ಟಾಗುತ್ತವೆ; ಪ್ರತಿ ಫೈಲಿನ ಪರವಾನಗಿ ಏನೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಎಡಿಟಿಂಗ್ ಮತ್ತು ಕನ್ನಡ ಟೈಟಲ್

ಫೈಲುಗಳನ್ನು ವಾಟ್ಸಾಪ್ ವಿಡಿಯೊ ಆಗಿ ಕಳಿಸಬೇಡಿ, ಗುಣಮಟ್ಟ ಕುಗ್ಗುತ್ತದೆ. ಕೇಬಲ್ ಅಥವಾ ಪೆನ್‌ಡ್ರೈವ್ ಬಳಸಿ, ಅದೇ ರಾತ್ರಿ ಎರಡು ಕಡೆ ಪ್ರತಿ ಇಡಿ. ಫೋನಿನ ಮೂಲ ಕ್ಯಾಮೆರಾ ಆ್ಯಪ್‌ನಲ್ಲಿ ತೆಗೆದಿದ್ದರೆ ಫ್ರೇಮ್ ವೇಗ ಏರಿಳಿದಿರುತ್ತದೆ, ಬರಬರುತ್ತಾ ಮಾತು ತುಟಿಯಿಂದ ಜಾರುತ್ತದೆ. ವಿಡಿಯೊ ಬದಲಿಸುವ ಉಚಿತ ತಂತ್ರಾಂಶ ಹ್ಯಾಂಡ್‌ಬ್ರೇಕ್‌ನಲ್ಲಿ ಸ್ಥಿರ 25 ಫ್ರೇಮಿಗೆ ಬದಲಿಸಿಕೊಂಡು ಆಮೇಲೆ ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಗೆ ತನ್ನಿ. ಅದರ ಸದ್ದಿನ ಮೀಟರಿನಲ್ಲಿ ಮಾತಿನ ಏರು ಮಟ್ಟ -12ರಿಂದ -6 ಡಿಬಿ (ಡೆಸಿಬೆಲ್) ನಡುವೆ ಇರಲಿ.

ಟೈಟಲ್‌ನ ಕಪ್ಪು ಪರದೆಯ ಮೇಲೆ ಸಂಗೀತಕ್ಕಿಂತ ಯಂತ್ರದ ಸದ್ದನ್ನೇ ಓಡಿಸಿ. ಚಿತ್ರ ಬರುವ ಮೊದಲೇ ಕಿವಿ ಅಂಗಡಿಯೊಳಗೆ ಹೋಗಿರುತ್ತದೆ, ಖರ್ಚು ಸೊನ್ನೆ.

ಕನ್ನಡದಲ್ಲಿ ಟೈಟಲ್ ಹಾಕುವವರಿಗೆ ಒಂದು ತೊಂದರೆ ಕಾದಿರುತ್ತದೆ. ಕೆಲವು ಎಡಿಟಿಂಗ್ ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆಯುತ್ತದೆ: ‘ನಿರ್ದೇಶನ’ದ ಅರ್ಕಾವತ್ತು ತಪ್ಪು ಜಾಗಕ್ಕೆ ಹೋಗುತ್ತದೆ, ‘ಛಾಯಾಗ್ರಹಣ’ದ ರ ಒತ್ತು ಬಿಡಿಸಿಕೊಂಡು ನಿಲ್ಲುತ್ತದೆ. ಪ್ರೀಮಿಯರ್ ಪ್ರೊದ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಮಾಡಿದರೆ ಸರಿಹೋಗುತ್ತದೆ. ಬೇರೆಡೆ ಸುಲಭ ದಾರಿಯೆಂದರೆ ಉಚಿತ ಚಿತ್ರ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಟೈಟಲ್ ಮಾಡಿ, ಹಿನ್ನೆಲೆ ಪಾರದರ್ಶಕವಿರುವ ಪಿಎನ್‌ಜಿ ಚಿತ್ರವಾಗಿ ತಂದು ಕೂರಿಸುವುದು. ನೋಟೊ ಸಾನ್ಸ್ ಕನ್ನಡ, ಟೀರೊ ಕನ್ನಡ, ಬಾಲೂ ತಮ್ಮ 2 ಮುಕ್ತ ಪರವಾನಗಿಯ ಫಾಂಟ್‌ಗಳು. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳಿಗೆ ಯೂನಿಕೋಡ್ ಪಠ್ಯ ಹಾಕಿದರೆ ಬರುವುದಿಲ್ಲ. ಹೆಸರನ್ನು ನಿಧಾನವಾಗಿ ಎರಡು ಸಲ ಓದಲು ಬೇಕಾಗುವಷ್ಟು ಹೊತ್ತು ಪರದೆಯ ಮೇಲೆ ಇಡಿ, ಕಾಗುಣಿತವನ್ನು ತಂಡದ ಹೊರಗಿನವರಿಂದ ಓದಿಸಿ.

ಒರೆಗೆ ಹಚ್ಚುವುದು

ಮೊದಲ ಜೋಡಣೆ ಮುಗಿದ ಮೇಲೆ ಒಂದು ದಿನ ಅದನ್ನು ಮುಟ್ಟಬೇಡಿ. ಆಮೇಲೆ ಸದ್ದು ಆರಿಸಿ ಒಮ್ಮೆ ನೋಡಿ: ಕಥೆ ಚಿತ್ರದಲ್ಲೇ ಅರ್ಥವಾಗುತ್ತದೆಯೇ? ಪರದೆ ಮುಚ್ಚಿ ಒಮ್ಮೆ ಕೇಳಿ: ಎಲ್ಲಿ ಸದ್ದು ಜಿಗಿಯುತ್ತದೆ? ನಂತರ ಕಥೆ ಗೊತ್ತಿಲ್ಲದ ಐದು ಜನರಿಗೆ, ಒಬ್ಬೊಬ್ಬರಿಗೇ ತೋರಿಸಿ. ಮುಂಚೆ ಏನೂ ವಿವರಿಸಬೇಡಿ, ನಡುವೆ ಮಾತಾಡಬೇಡಿ. ಮುಗಿದ ಮೇಲೆ ಮೂರೇ ಪ್ರಶ್ನೆ: ಇದು ಯಾರ ಕಥೆ? ಯಾವ ಬಗೆಯ ಚಿತ್ರ? ಮುಂದೆ ಏನಾಗಬಹುದು? ‘ಚೆನ್ನಾಗಿದೆಯಾ’ ಎಂದು ಕೇಳಿದರೆ ಸ್ನೇಹಿತರು ಚೆನ್ನಾಗಿದೆ ಎಂದೇ ಹೇಳುತ್ತಾರೆ, ಅದರಿಂದ ಉಪಯೋಗವಿಲ್ಲ. ಅವರು ನೋಡುವಾಗ ನೀವು ಅವರ ಮುಖ ನೋಡಿ. ಕಣ್ಣು ಫೋನಿನತ್ತ ಹೋದ ಸೆಕೆಂಡನ್ನು ಬರೆದುಕೊಳ್ಳಿ. ಇಬ್ಬರು ಒಂದೇ ಜಾಗದಲ್ಲಿ ಕಣ್ಣು ತೆಗೆದರೆ ಆ ಶಾಟ್ ಉದ್ದವಾಗಿದೆ. ಹಾಳೆಯ ಮೇಲಿನ ಫೋಟೊ ಅವಳದೇ ಎಂದು ಮೂವರಿಗೆ ತಿಳಿಯದಿದ್ದರೆ ಆ ಕ್ಲೋಸ್-ಅಪ್ ಮರುಶೂಟ್ ಮಾಡಲೇಬೇಕು. ಹಾಳೆ, ಕೈ, ಕಣ್ಣಿನಂಥ ಶಾಟ್‌ಗಳನ್ನು ಮನೆಯ ಮೇಜಿನ ಮೇಲೂ ತೆಗೆಯಬಹುದು, ಅದಕ್ಕಾಗಿ ಅರ್ಧ ದಿನ ಮೊದಲೇ ಕಾದಿರಿಸಿ.

9607 ಕೇಳುವ ಪ್ರಶ್ನೆಗಳು ನಾಲ್ಕು: ಪ್ರಕಾರದ ರೂಢಿಗಳನ್ನು ಹೇಗೆ ಬಳಸಿದಿರಿ ಅಥವಾ ಮುರಿದಿರಿ ಮತ್ತು ಸಮಾಜದ ಗುಂಪುಗಳನ್ನು ಹೇಗೆ ತೋರಿಸಿದಿರಿ; ಪ್ರೇಕ್ಷಕರನ್ನು ಹೇಗೆ ಹಿಡಿಯುತ್ತೀರಿ ಮತ್ತು ನಿಜವಾದ ಚಿತ್ರವಾಗಿದ್ದರೆ ಹೇಗೆ ಹಂಚುತ್ತಿದ್ದಿರಿ; ಕೌಶಲ ಹೇಗೆ ಬೆಳೆಯಿತು; ತಂತ್ರಜ್ಞಾನವನ್ನು ಹೇಗೆ ಒಗ್ಗೂಡಿಸಿದಿರಿ. ‘ಈ ಕೆಲಸದಿಂದ ತಂಡವಾಗಿ ದುಡಿಯುವುದನ್ನು ಕಲಿತೆವು’ ಎಂಬ ವಾಕ್ಯ ಯಾವ ಚಿತ್ರಕ್ಕೂ ಹೊಂದುತ್ತದೆ, ಆದ್ದರಿಂದ ಅದಕ್ಕೆ ಬೆಲೆ ಇಲ್ಲ. ಹೀಗೆ ಬರೆದು ನೋಡಿ: ‘0:42ರಲ್ಲಿ ಹುಡುಗಿಯ ಮುಖವನ್ನು ಎರಡು ಸೆಕೆಂಡು ಮಾತ್ರ ಇಟ್ಟಿದ್ದೆವು. ಪರೀಕ್ಷಾ ಪ್ರದರ್ಶನದಲ್ಲಿ ಐವರಲ್ಲಿ ಮೂವರಿಗೆ ಅವಳ ಭಯ ತಿಳಿಯಲಿಲ್ಲ. ನಾಲ್ಕು ಸೆಕೆಂಡಿಗೆ ಏರಿಸಿ, ಯಂತ್ರದ ಸದ್ದನ್ನು ಅಲ್ಲಿ ಥಟ್ಟನೆ ನಿಲ್ಲಿಸಿದೆವು.’ ಸಮಯ, ಪುರಾವೆ, ನಿರ್ಧಾರ, ಮೂರೂ ಇವೆ. ನೋಟ್‌ಬುಕ್ಕಿನ ‘ಕಾರಣ’ ಕಾಲಂ ಇಂಥ ವಾಕ್ಯಗಳನ್ನು ಕೊಡುತ್ತದೆ. ಸಾಮಾಜಿಕ ಚಿತ್ರಣದ ಪ್ರಶ್ನೆಗೆ ಬಂದಾಗ ನಿಷ್ಠುರವಾಗಿರಿ: ಅಂಗಡಿಯವನಿಗೆ ಯಾವ ಭಾಷೆ, ಯಾವ ಬಟ್ಟೆ ಕೊಟ್ಟಿರಿ, ಸಂಶಯ ಹುಟ್ಟಿಸಲು ಅವನನ್ನು ಯಾವುದೋ ಸಮುದಾಯದವನಂತೆ ಕಾಣಿಸಿದಿರಾ ಎಂದು ನೋಡಿ, ಹಾಗಾಗಿದ್ದರೆ ಅದನ್ನೂ ಬರೆಯಿರಿ.

ಉತ್ತರಗಳನ್ನು ಸ್ಲೈಡ್, ಪಾಡ್‌ಕಾಸ್ಟ್, ನಿರ್ದೇಶಕರ ವ್ಯಾಖ್ಯಾನ ಇಂಥ ಡಿಜಿಟಲ್ ರೂಪದಲ್ಲಿ ಕೊಡಬಹುದು. ವ್ಯಾಖ್ಯಾನ ಆರಿಸಿಕೊಂಡರೆ ಚಿತ್ರದ ಸದ್ದನ್ನು ತಗ್ಗಿಸಿ, ಮಾತು ಉದ್ದವಾಗುವಲ್ಲಿ ಚಿತ್ರವನ್ನು ನಿಲ್ಲಿಸಿ, ಆ ಹೊತ್ತಿನಲ್ಲಿ ಮೊದಲ ಜೋಡಣೆಯ ಅದೇ ಶಾಟನ್ನು ಪಕ್ಕಕ್ಕಿಟ್ಟು ತೋರಿಸಿ. ಅದಕ್ಕಾಗಿ ಪ್ರತಿ ಜೋಡಣೆಯನ್ನೂ ತಾರೀಕು ಹಾಕಿ ಬೇರೆ ಬೇರೆ ಫೈಲಾಗಿ ಉಳಿಸಿಕೊಂಡಿರಬೇಕು, ಹಳೆಯದರ ಮೇಲೆ ಹೊಸದನ್ನು ಸೇವ್ ಮಾಡಬಾರದು.